ಬಕ್ಕೇಶಪ್ಪ ಓದಿದ ತಾಮ್ರದ ಕೊಡ

ಬಕ್ಕೇಶಪ್ಪನ ಬಾಯಿಂದ ಆ ಮಾತು ಹೊರಬಿದ್ದದ್ದು ಒಂದು ಗುರುವಾರ ಬೆಳಗ್ಗೆ, ಕೈಯಲ್ಲಿ ಹಾಲಿನ ತಂಬಿಗೆ ಹಿಡಿದು ಬನಿಯನ್ನಿನಲ್ಲಿ ನಿಂತಿದ್ದಾಗ. ಮನುಷ್ಯ ಬನಿಯನ್ನಿನಲ್ಲಿ ಇರುವಾಗ ದೊಡ್ಡ ಮಾತು ಆಡಬಾರದು. ಆಡಿದರೆ ಏನಾಗುತ್ತದೆ ಅಂತ ಹೇಳಲಿಕ್ಕೇ ನಾನು ಕೂತಿದ್ದೇನೆ, ಸ್ವಲ್ಪ ಸಮಾಧಾನದಿಂದ ಕೇಳಿ.

ದಾವಣಗೆರೆ ಜಿಲ್ಲೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಊರಿನ ಜನಕ್ಕೆಲ್ಲ ಒಂಥರಾ ಬಿಂಕ ಬಂದಿತ್ತು. ಬಕ್ಕೇಶಪ್ಪನ ಹೆಂಡತಿ ಅಕ್ಕನಾಗಮ್ಮನಿಗೂ ಬಂತು. ಮಂಡಿಪೇಟೆ ಹಿಂದಿನ ಓಣಿಯಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ಒಂದಿನ ಪೊರಕೆ ಬಿಸಾಕಿ, "ಇನ್ನು ಈ ಓಣಿಯಾಗೆ ನಾನಿರಂಗಿಲ್ಲ. ಬೆಲ್ಲದ ಲಾರಿ ಬಾಗಿಲಿಗೆ ಅಡ್ಡ ನಿಂತ್ರೆ ನಮ್ಮನೆಯಿಂದ ನಾನು ಹೊರಗೆ ಬರಾಕೆ ಡ್ರೈವರನ್ನ ಕೇಳ್ಬೇಕು. ಜಿಲ್ಲೆ ಆದಮ್ಯಾಲೂ ಹಿಂಗಾ?" ಎಂದು ಹಟ ಹಿಡಿದಳು. ಹಿಡಿದು, ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಒಂದು ಮನೆಯ ಮಹಡಿ ಮೇಲಿನ ಎರಡು ಕೋಣೆಗೆ ಗಂಡನನ್ನು ಪಾತ್ರೆ ಪಡಗ ಸಮೇತ ಎಳೆದು ತಂದಳು.

ಬಂದು ನೋಡಿದರೆ ಆ ರಸ್ತೆಯಲ್ಲಿ ಗೇಟಿಗೊಂದು ಬೋರ್ಡು. ಎಡಕ್ಕೆ ಮಕ್ಕಳ ಡಾಕ್ಟರು, ಬಲಕ್ಕೆ ವಕೀಲರು, ಎದುರಿಗೆ ಎಂಜಿನಿಯರು. ಬೋರ್ಡಿಲ್ಲದ ಗೇಟು ಅಂದರೆ ಬಕ್ಕೇಶಪ್ಪನದೊಂದೇ.

ಅವನ ಕಸುಬು ಏನು ಅಂದಿರಾ? ಮಂಡಿಪೇಟೆಯಲ್ಲಿ ಪರಮೇಶ್ವರಪ್ಪನವರ ಪಾತ್ರೆ ಅಂಗಡಿ ಇದೆ. ಅದರ ಬಾಗಿಲ ಪಕ್ಕ ಒಂದು ಮಣೆ, ಮಣೆ ಮೇಲೆ ಬಕ್ಕೇಶಪ್ಪ. ಮದುವೆಗೋ ಗೃಹಪ್ರವೇಶಕ್ಕೋ ಜನ ಕೊಡ, ತಟ್ಟೆ, ತಂಬಿಗೆ ಕೊಂಡರೆ ಅದರ ಮೇಲೆ ಹೆಸರು ಹಾಕುವುದು ಅವನ ಕೆಲಸ. 'ಚಿ. ಸೌ. ಇಂಥವಳ ಮದುವೆಗೆ ಇಂಥವರ ಉಡುಗೊರೆ.' ನಮ್ಮ ಕಡೆ ಹೆಸರು ಹಾಕದೆ ಪಾತ್ರೆ ಕೊಡುವ ಮೂರ್ಖರು ಯಾರೂ ಇಲ್ಲ. ಕೊಟ್ಟವರು ಯಾರು ಅಂತ ಮೂರು ತಲೆಮಾರಿಗೆ ಗೊತ್ತಾಗಬೇಕಲ್ಲ! ಮೊದಲೆಲ್ಲ ಉಳಿ, ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಿದ್ದ, ಈಗ ಕರೆಂಟಿನ ಮಷೀನು ಗುಂಯ್ ಅನ್ನುತ್ತದೆ. ದಾವಣಗೆರೆ, ಹರಿಹರದ ಅಡಿಗೆಮನೆಗಳಲ್ಲಿ ಬಕ್ಕೇಶಪ್ಪನ ಅಕ್ಷರ ತೊಳೆಯದ ಹೆಂಗಸು ಇಲ್ಲ. ಮರ್ಯಾದೆಯ ಕೆಲಸವೇ. ಆದರೂ ಮಕ್ಕಳ ಡಾಕ್ಟರ ಗೇಟಿನ ಮುಂದೆ ನಿಂತು ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಕೇಳಿದವರು ನಾಗಭೂಷಣ್. ಬ್ಯಾಂಕ್ ಮ್ಯಾನೇಜರು, ಬಡಾವಣೆಯ ಸಾಂಸ್ಕೃತಿಕ ಸಂಘದ ಅಧ್ಯಕ್ಷರು, ಬಿಳಿ ಬೂಟು ಹಾಕಿಕೊಂಡು ವಾಕಿಂಗ್ ಮಾಡುವವರು.

"ಹೊಸದಾಗಿ ಬಂದೋರಲ್ಲೇನ್ರಿ? ತಾವು ಏನ್ ಮಾಡ್ಕೊಂಡಿದೀರಿ?"

ಬಕ್ಕೇಶಪ್ಪ ತಂಬಿಗೆಯನ್ನು ಬೆನ್ನ ಹಿಂದೆ ಸರಿಸಿದ. "ನಂದು... ತಾಮ್ರ, ಹಿತ್ತಾಳೆ ಮ್ಯಾಲಿನ ಬರವಣಿಗೆ ಕ್ಷೇತ್ರ ಸಾರ್."

'ಕ್ಷೇತ್ರ' ಅನ್ನುವ ಮಾತು ಎಲ್ಲಿಂದ ಬಂತೋ ಅವನಿಗೇ ತಿಳಿಯದು. ನಾಗಭೂಷಣರ ಬಿಳಿ ಬೂಟು ಅಲ್ಲೇ ನಿಂತಿತು.

"ಅಂದ್ರೆ ತಾಮ್ರಶಾಸನ? ಹಳೇ ಕಾಲದ್ದು?"

"ಹಳೇದೂ ಐತೆ, ಹೊಸದೂ ಐತೆ ಸಾರ್."

"ಎಷ್ಟು ವರ್ಷದ ಅನುಭವ?"

"ಹತ್ರ ಹತ್ರ ಮೂವತ್ತು ವರ್ಷ."

"ಅಬ್ಬಾ! ಇಲ್ಲೀವರೆಗೆ ಎಷ್ಟು ನೋಡಿರಬೋದು?"

"ಲೆಕ್ಕ ಇಟ್ಟಿಲ್ಲ ಸಾರ್. ದಿನಕ್ಕೆ ಇಪ್ಪತ್ತು, ಮೂವತ್ತು ಆಗ್ತಾವೆ. ಮದುವೆ ಸೀಜನ್ನಿನಾಗೆ ಇನ್ನೂ ಜಾಸ್ತಿ."

ಆದರೆ ನಾಗಭೂಷಣ್ ಮದುವೆ ಸೀಜನ್ನಿನವರೆಗೆ ಕಾಯಲಿಲ್ಲ. ದಿನಕ್ಕೆ ಮೂವತ್ತು ಶಾಸನ ಓದುವ ಮಹಾಪುರುಷ ಬಿ ಬ್ಲಾಕಿಗೆ ಬಂದಿದ್ದಾನೆ ಎಂದು ಡಾಕ್ಟರ ಗೇಟಿನಿಂದ ಶುರುಮಾಡಿ ಪಾರ್ಕಿನವರೆಗೆ ಹೇಳುತ್ತ ಹೋದರು. ಎಂಟು ಗಂಟೆಗೆ ಅಕ್ಕನಾಗಮ್ಮ ಸೊಂಟದ ಮೇಲೆ ಕೈಯಿಟ್ಟು ಗಂಡನ ಮುಂದೆ ನಿಂತಿದ್ದಳು.

"ರೀ, ಹಾಲು ತರಾಕೆ ಹೋದೋರು ಏನ್ ಹೇಳಿ ಬಂದೀರಿ? ಕೆಳಗಿನ ಮನೆಯಮ್ಮ ನನ್ನ 'ಸಂಶೋಧಕರ ಮಿಸೆಸ್' ಅಂದ್ಲು. ಅದು ಬೈಗುಳನೋ, ಹೊಗಳಿಕೆನೋ?"

"ಹೊಗಳಿಕೆ ಇರ್ಬೇಕು."

"ಹಂಗಾದ್ರೆ ಸುಮ್ನಿರ್ತೀನಿ" ಅಂದಳು ಅಕ್ಕನಾಗಮ್ಮ.

ಸುಮ್ಮನಿದ್ದದ್ದೇ ತಪ್ಪಾಯಿತು. ವಾರದೊಳಗೆ ವಕೀಲರು ತಮ್ಮ ಹೊಲದ ಬದುವಿನ ಕಲ್ಲಿನ ಮೇಲೇನೋ ಗೀಚಿದೆ, ಬಂದು ನೋಡಬೇಕು ಅಂದರು. ಡಾಕ್ಟರು ತಾವು ಬರೆದ ಚೀಟಿಯನ್ನೇ ತಂದು, "ಮೆಡಿಕಲ್ ಶಾಪಿನವರಿಗೆ ಓದೋಕೆ ಬರ್ತಿಲ್ಲ, ನಿಮಗೆ ಬರ್ತದೇನೋ ನೋಡ್ರಿ" ಎಂದು ನಕ್ಕು ಹೋದರು. ನಾಗಭೂಷಣ್ ಅಂತೂ ಸಂಘದ ವತಿಯಿಂದ ಒಂದು ಬೋರ್ಡು ಬರೆಸಿ ತಂದು ಗೇಟಿಗೆ ತಾವೇ ಮೊಳೆ ಹೊಡೆದರು: 'ಬಕ್ಕೇಶಪ್ಪ, ಶಾಸನ ತಜ್ಞರು'. ಅಂದಿನಿಂದ ನಮ್ಮ ತಜ್ಞರು ಹೆಸರು ಹಾಕುವ ಮಷೀನನ್ನು ಚರ್ಮದ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು, ತುಂಬುತೋಳಿನ ಅಂಗಿ ತೊಟ್ಟು ಮಂಡಿಪೇಟೆಗೆ ಹೋಗತೊಡಗಿದರು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಆದರೆ ಮೇ ತಿಂಗಳ ಒಂದು ಭಾನುವಾರಕ್ಕೆ ಸಂಘದವರು ಮೆಟಡಾರ್ ಗೊತ್ತುಮಾಡಿದರು. ಹರಿಹರ ದಾಟಿ ಕೊಕ್ಕನೂರಿನ ಕಡೆ ಹೋಗುವ ರಸ್ತೆಯ ಪಕ್ಕ ಬಂಡೆಗಳ ಒಂದು ಗುಡ್ಡ, ಗುಡ್ಡದಲ್ಲೊಂದು ಗವಿ, ಗವಿಯಲ್ಲೊಂದು ಮ್ಯೂಸಿಯಂ ಇದೆಯಂತೆ. ಅಲ್ಲೊಂದು ತಾಮ್ರದ ಕೊಡ, ಕೊಡದ ಮೇಲೆ ಯಾರಿಗೂ ಓದಲಾಗದ ಬರಹ ಇದೆಯಂತೆ.

"ನೀವಿದೀರಲ್ಲ, ಇನ್ನೇನು ಬೇಕು!" ಅಂದರು ನಾಗಭೂಷಣ್.

"ನನಗೆ ಆವತ್ತು ಹೊಟ್ಟೆನೋವು ಐತೆ ಸಾರ್" ಅಂದ ಬಕ್ಕೇಶಪ್ಪ.

"ಭಾನುವಾರ ಇನ್ನೂ ಮೂರು ದಿನ ಐತೆ. ಡಾಕ್ಟರೂ ಬರ್ತಾರೆ ನಮ್ ಜೊತೆ."

ಹೀಗೆ ಹದಿನಾಲ್ಕು ಜನ, ಎರಡು ಚೀಲ ಮಂಡಕ್ಕಿ, ಒಂದು ಬುಟ್ಟಿ ಮೆಣಸಿನಕಾಯಿ ಬಜ್ಜಿ ಮತ್ತು ಒಬ್ಬ ತಜ್ಞರನ್ನು ಹೊತ್ತ ಮೆಟಡಾರ್ ಹನ್ನೊಂದಕ್ಕೆ ಗುಡ್ಡದ ಬುಡಕ್ಕೆ ಬಂತು. ಗವಿಯ ಬಾಯಲ್ಲಿ ತಗಡಿನ ಫಲಕ: 'ಹಯಾತ್ ವಸ್ತು ಸಂಗ್ರಹಾಲಯ. ತಲೆ ಬಗ್ಗಿಸಿ ಬರುವುದು. ಒಳಗೆ ತಂಪು ಇದೆ.'

ಹಯಾತ್ ಸಾಬರು ಹರಿಹರದ ಗುಜರಿ ವ್ಯಾಪಾರಿ. ನಲವತ್ತು ವರ್ಷ ಹಳೇ ಸಾಮಾನು ಕೊಂಡು ಕರಗಿಸಲು ಕಳಿಸಿದವರು. ವಯಸ್ಸಾಗುತ್ತ ಬಂದಂತೆ ಅವರಿಗೊಂದು ರೋಗ ಅಂಟಿತು. ಕೈಗೆ ಬಂದ ಸಾಮಾನನ್ನು ಕರಗಿಸಲು ಮನಸ್ಸೇ ಒಪ್ಪುತ್ತಿರಲಿಲ್ಲ. ಮನೆ ತುಂಬಿತು, ಹಿತ್ತಿಲು ತುಂಬಿತು. ಹೆಂಡತಿ ಹಜೀರಾಬೀ, "ನಾನಿರಬೇಕೋ, ಈ ಬೀಗಗಳಿರಬೇಕೋ, ಹೇಳಿಬಿಡ್ರಿ" ಅಂದ ದಿನ ಎಲ್ಲವನ್ನೂ ಗಾಡಿಗೆ ಹೇರಿ ಈ ಗವಿಗೆ ತಂದರು. ಆಮೇಲೆ ಹಜೀರಾಬಿಯೂ ಗವಿಯ ಬಾಯಲ್ಲಿ ಚಾ ಒಲೆ ಹೂಡಿದರು. ಹರಿಹರಕ್ಕೆ ಮೊಸರು ಮಾರಲು ಹೋಗಿಬರುವ ಕೊಕ್ಕನೂರಿನ ಸುಂಕಲಮ್ಮ ಅನ್ನುವ ಹೆಂಗಸು ದಿನಾ ಅಲ್ಲೇ ಕೂತು ಬುಟ್ಟಿ ಇಳಿಸಿ, ಬೆವರು ಒರೆಸಿ, ಚಾ ಕುಡಿದು ಹೋಗುತ್ತಿದ್ದಳು. ಅವತ್ತೂ ಕೂತಿದ್ದಳು.

ಒಳಗೆ ನಿಜಕ್ಕೂ ತಂಪಿತ್ತು. ಪ್ರತಿ ವಸ್ತುವಿಗೂ ಸಾಬರೇ ರಟ್ಟಿನ ಮೇಲೆ ವಿವರ ಬರೆದಿದ್ದರು. ಒಂದು ಹಳೇ ರೇಡಿಯೋ: 'ಇದು ಯುದ್ಧದ ಸುದ್ದಿ ಹೇಳಿದೆ. ಈಗ ಸುಮ್ಮನಿದೆ.' ಒಂದು ಕ್ಷೌರದ ಕುರ್ಚಿ: 'ಇದರಲ್ಲಿ ಕೂತವರು ಈಗ ಬೋಳಾಗಿದ್ದಾರೆ.' ಅರವತ್ತು ಬೀಗ: 'ಕೀಲಿ ಇದ್ದವರು ತಿಳಿಸಿ.' ಒಂದು ಗಿರಣಿಯ ಸೈರನ್: 'ಮುಟ್ಟಬೇಡಿ. ಕೂಗಿದರೆ ಜನ ಡ್ಯೂಟಿಗೆ ಹೊರಡುತ್ತಾರೆ.' ಇನ್ನೂ ಒಳಗೆ, ಗವಿಯ ಕೊನೆಗೆ, ಮಾಡಿನೆತ್ತರಕ್ಕೆ ತಾಮ್ರ, ಹಿತ್ತಾಳೆ ಪಾತ್ರೆಗಳ ರಾಶಿ. ಸ್ಟೀಲಿನ ಹುಚ್ಚು ಹತ್ತಿದ ಕಾಲದಲ್ಲಿ ಹೆಂಗಸರು ಡಬ್ಬಿ ಲೋಟಕ್ಕೆ ಬದಲು ಕೊಟ್ಟುಬಿಟ್ಟವು.

ರಾಶಿಯ ಮುಂದೆ ಬಂಡೆಗೆ ಸಿಮೆಂಟು ಹಾಕಿ ಕೂರಿಸಿದ್ದ ಒಂದು ತಾಮ್ರದ ಕೊಡ. ಮೇಲೆ ಗಾಜಿನ ಪೆಟ್ಟಿಗೆ. ಕೊಡದ ಕುತ್ತಿಗೆಯಿಂದ ಬುಡದವರೆಗೆ ಸುತ್ತುಸುತ್ತಾಗಿ ಹಸಿರುಗಟ್ಟಿದ ಚುಕ್ಕಿಗಳು.

"ಇದೊಂದೇ ಅಣ್ಣಾ ನಮಗೆ ಆಸರೆ" ಎಂದು ಹಜೀರಾಬೀ ಸೆರಗಿನ ಗಂಟಿನಿಂದ ಒಂದು ಕಾಗದ ಬಿಚ್ಚಿದರು. "ರಸ್ತೆ ಅಗಲ ಮಾಡ್ತಾರಂತೆ. ಸಿಮೆಂಟು, ಟಾರಿನ ಡ್ರಮ್ಮು ಇಡಾಕೆ ಈ ಗವಿ ಬೇಕಂತೆ. ಹದಿನೈದು ದಿನದಾಗೆ ಖಾಲಿ ಮಾಡ್ರಿ ಅಂತ ನೋಟೀಸು. ಇತಿಹಾಸದ್ದು ಏನಾದ್ರೂ ಇದ್ರೆ ತೋರಿಸ್ರಿ, ನೋಡ್ತೀವಿ ಅಂದ್ರು. ನಮ್ಮತ್ರ ಇತಿಹಾಸ ಅಂದ್ರೆ ಈ ಕೊಡ. ಓದೋರೇ ಇಲ್ಲ."

"ಓದೋರು ಬಂದಿದಾರಮ್ಮ!" ನಾಗಭೂಷಣ್ ಬಕ್ಕೇಶಪ್ಪನನ್ನು ಮುಂದಕ್ಕೆ ತಳ್ಳಿದರು. ಯಾರೋ ಟಾರ್ಚು ಹಿಡಿದರು.

ಬಕ್ಕೇಶಪ್ಪ ಬಗ್ಗಿ ನೋಡಿದ. ನೋಡಿದವನೇ ಬೆವೆತುಬಿಟ್ಟ, ಅಷ್ಟು ತಂಪಿನಲ್ಲಿ. ಅದು ಅವನದೇ ಕೈ! ಪರಮೇಶ್ವರಪ್ಪನವರ ಅಂಗಡಿಗೆ ಸೇರಿದ ಹೊಸದರಲ್ಲಿ, ಕೊಡದ ಬಾಯನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು ಹೊಡೆಯುತ್ತಿದ್ದ. ಹಾಗಾಗಿ ಅಕ್ಷರವೆಲ್ಲ ತಲೆಕೆಳಗು. ಉಳಿ ಹಿಡಿತಕ್ಕೆ ಸಿಗದೆ ಚುಕ್ಕಿಗೆ ಚುಕ್ಕಿ ಕೂಡಿಕೊಂಡು, 'ಮ' ಅನ್ನುವುದು ಇವತ್ತಿನ ಹಾಗೇ ಅವತ್ತೂ ಹೊಟ್ಟೆ ಉಬ್ಬರಿಸಿ ಕೂತಿತ್ತು. ಹಸಿರು ಹಿಡಿದ ಕೊಡ, ತಲೆಕೆಳಗಾದ ಅಕ್ಷರ, ಸಾಲದ್ದಕ್ಕೆ ತಿರುಗಿಸಿ ನೋಡಲಾಗದಂತೆ ಬುಡಕ್ಕೆ ಸಿಮೆಂಟು. ಯಾವ ಪಂಡಿತ ತಾನೇ ಓದಿಯಾನು? ಇದು ಇತಿಹಾಸವೂ ಅಲ್ಲ, ಪುರಾಣವೂ ಅಲ್ಲ, ಯಾವಳದೋ ಮದುವೆ ಉಡುಗೊರೆ.

"ಏನ್ ಸಾರ್, ಗುರುತು ಹತ್ತಿತಾ?"

"ಹತ್ತಿತು" ಅಂದ ಬಕ್ಕೇಶಪ್ಪ. "ಇದನ್ನ ಹೊಡೆದ ಕೈ ನನಗೆ ಗೊತ್ತು."

"ಕೇಳಿದ್ರಾ! ಕೆತ್ತಿದವನ ಕೈಯನ್ನೇ ಗುರುತಿಸ್ತಾರೆ! ಎಷ್ಟು ಹಳೇದು?"

ಬಕ್ಕೇಶಪ್ಪ ಮೂರು ಬೆರಳು ಎತ್ತಿದ. ಮೂವತ್ತು ಅನ್ನಬೇಕು ಅಂತಲೇ ಎತ್ತಿದ್ದು. ಬಾಯಿ ಬೆರಳಿನ ಹಿಂದೆ ಬರುವಷ್ಟರಲ್ಲಿ ನಾಗಭೂಷಣ್, "ಮುನ್ನೂರು ವರ್ಷ!" ಎಂದು ಕೂಗಿಯಾಗಿತ್ತು. ಗವಿ ಅದನ್ನು ಮತ್ತೆ ಮೂರು ಸಲ ಕೂಗಿತು. ಹಯಾತ್ ಸಾಬರು ಬಕ್ಕೇಶಪ್ಪನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಹಜೀರಾಬೀ ಟಿಕೆಟ್ಟಿನ ಒಂದು ರೂಪಾಯಿ ವಾಪಸ್ ಕೊಟ್ಟು, ಅವನ ಚಾಗೆ ನಾಲ್ಕು ಚಮಚ ಸಕ್ಕರೆ ಹಾಕಿದರು. ಆ ಸಕ್ಕರೆ ಕುಡಿದಮೇಲೆ ನಿಜ ಹೇಳುವ ಧೈರ್ಯ ಯಾರಿಗೆ ಬರುತ್ತದೆ, ನೀವೇ ಹೇಳಿ.

ಬುಧವಾರದ ಪೇಪರಿನಲ್ಲಿ ಸುದ್ದಿ ಬಂತು. ರಸ್ತೆ ಕಾಮಗಾರಿಯ ವಿಶೇಷಾಧಿಕಾರಿ ಕರಿಬಸವರಾಜ ಸಾಹೇಬರು ಬರುವ ಭಾನುವಾರ ಖುದ್ದಾಗಿ ಬಂದು ಕೊಡ ನೋಡಿ, ಗವಿ ಉಳಿಯಬೇಕೋ ಬೇಡವೋ ತೀರ್ಮಾನ ಮಾಡುತ್ತಾರೆ. ಶಾಸನ ತಜ್ಞ ಬಕ್ಕೇಶಪ್ಪನವರು ಅಂದೇ ಓದಿ ತೋರಿಸುತ್ತಾರೆ.

ಅಂಗಡಿಯಲ್ಲಿ ಪರಮೇಶ್ವರಪ್ಪನವರು ಪೇಪರನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿಕೊಂಡು ಕೂತಿದ್ದರು. "ಬರ್ರಿ ತಜ್ಞರೇ, ಕೂಡ್ರಿ. ಹೊರಗೆ ಒಬ್ಬ ಗಿರಾಕಿ ಹನ್ನೆರಡು ಲೋಟ ಹಿಡ್ಕೊಂಡು ನಿಂತಾನೆ. ಹೆಸರು ಹಾಕ್ತೀರೋ, ಇಲ್ಲ ನಾನು ಬೇರೆ ತಜ್ಞರನ್ನ ಕರೀಲೋ?"

ಬಕ್ಕೇಶಪ್ಪ ಮಣೆಯ ಮೇಲೆ ಕುಸಿದು ಎಲ್ಲ ಹೇಳಿಬಿಟ್ಟ. ಕೇಳುತ್ತ ಕೇಳುತ್ತ ಪರಮೇಶ್ವರಪ್ಪನವರ ನಗು ನಿಂತಿತು.

"ಸುತ್ತುಸುತ್ತಾಗಿ ತುಂಬ ಐತಾ ಬರಹ?"

"ಕೊಡದ ತುಂಬ ಐತೆ."

"ಲೇ ಬಕ್ಕೇಶಿ, ಅದು ನೀನು ಸೇರಿದ ಮೊದಲನೇ ತಿಂಗಳದ್ದು ಕಣೋ! ಗಿರಾಕಿ ಏನ್ ಹೇಳ್ತಾನೋ ಒಂದಕ್ಷರ ಬಿಡದಂಗೆ ಹಾಕು ಅಂತ ನಾನು ಅಂದಿದ್ದೆ. ನೀನು ಹಂಗೇ ಮಾಡಿದೆ. ಅವರು ಕೆಮ್ಮಿದ್ದೊಂದು ಬಿಟ್ಟು ಬಾಯಿಂದ ಬಂದದ್ದನ್ನೆಲ್ಲ ಹೊಡೆದೆ. ಒಬ್ಬಾಕೆ ತಿಂಗಳಾದಮ್ಯಾಲೆ ತಟ್ಟೆ ತಂದು ನನ್ನ ಮುಖಕ್ಕೆ ಹಿಡಿದ್ಲು. 'ಶ್ರೀಮತಿ ಮಾರೆಮ್ಮನವರ ಕಾಣಿಕೆ ಸ್ವಲ್ಪ ಸರ್ಕೊಳ್ರಿ ಗಾಳಿ ಬರ್ಲಿ' ಅಂತ ಇತ್ತು! ಆವಾಗಲೇ ನನಗೆ ತಿಳಿದಿದ್ದು. ಬ್ಯಾಡ ಮಾರಾಯ, ಓದಬ್ಯಾಡ. ಏನಾದ್ರೂ ರಾಜ, ಮಹಾರಾಜ ಅಂತ ಹೇಳಿ ಬಂದುಬಿಡು. ಪಾಪ, ಆ ಸಾಬರ ಗವಿನಾದ್ರೂ ಉಳೀಲಿ."

ಬಕ್ಕೇಶಪ್ಪನಿಗೂ ಅದೇ ಸರಿ ಅನ್ನಿಸಿತು. ನಾಲ್ಕು ದಿನ ಮಷೀನಿನ ಗುಂಯ್ ಸದ್ದಿನ ಮರೆಯಲ್ಲಿ 'ಸ್ವಸ್ತಿಶ್ರೀ ವಿಜಯಾಭ್ಯುದಯ' ಎಂದು ಬಾಯಿಪಾಠ ಮಾಡಿದ. ಆ ನಾಲ್ಕು ದಿನ ಹೆಸರು ಹಾಕಿಸಿಕೊಂಡವರು ಮನೆಗೆ ಹೋಗಿ ತಮ್ಮ ಪಾತ್ರೆಯನ್ನು ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು.

ಭಾನುವಾರ ಗುಡ್ಡದ ಮುಂದೆ ಜಾತ್ರೆಯಷ್ಟು ಜನ. ಬಿ ಬ್ಲಾಕಿನ ಮೆಟಡಾರ್ ಬಂತು, ಕೊಕ್ಕನೂರಿನವರು ಬಂದರು, ಹರಿಹರದ ಸೈಕಲ್ಲುಗಳು ಬಂದವು. ಸಾಹೇಬರ ಜೀಪು ಬಂದು ನಿಂತಿತು. ಕರಿಬಸವರಾಜ ಸಾಹೇಬರದು ಕನ್ನಡಕದ ಮೇಲಿಂದ ಜನರನ್ನು ನೋಡುವ ಅಭ್ಯಾಸ. ಇಳಿಯುವಾಗಲೇ ಗಡಿಯಾರ ನೋಡಿದರು.

"ಹನ್ನೆರಡಕ್ಕೆ ನನಗೆ ಇನ್ನೊಂದು ಮೀಟಿಂಗ್ ಐತೆ. ಸಿಮೆಂಟು ಲಾರಿ ನಾಳೆ ಬರ್ತೈತೆ. ಎಲ್ಲಿ ಐತ್ರಿ ಆ ಕೊಡ? ಯಾರು ಓದೋರು?"

ಗಾಜಿನ ಪೆಟ್ಟಿಗೆ ತೆಗೆದರು. ಬಕ್ಕೇಶಪ್ಪ ಕೈ ಜೋಡಿಸಿ, ಕಣ್ಣು ಮುಚ್ಚಿ ಶುರುಮಾಡಿದ. "ಸ್ವಸ್ತಿಶ್ರೀ ವಿಜಯಾಭ್ಯುದಯ..."

"ಯಾವ ಅರಸರು?"

ಇದನ್ನು ಬಾಯಿಪಾಠ ಮಾಡಿರಲಿಲ್ಲ. "ಪ... ಪರಮೇಶ್ವರಪ್ಪ ಮಹಾರಾಜರು ಸಾರ್."

"ರಾಜಧಾನಿ?"

"ಮಂಡಿಪೇಟೆ."

ಸಾಹೇಬರು ಕನ್ನಡಕ ತೆಗೆದರು. "ಸಂಶೋಧನೆ ಸ್ವಲ್ಪ ಹೊಸದು ಸಾರ್" ಎಂದು ನಾಗಭೂಷಣ್ ಮಧ್ಯೆ ಬಂದರು. ಸಾಹೇಬರು ಅವರನ್ನು ಕೈಯಿಂದಲೇ ಪಕ್ಕಕ್ಕೆ ಸರಿಸಿ, "ಬಾಯಿಗೆ ಬಂದಂಗೆ ಬ್ಯಾಡ. ಒಂದೊಂದೇ ಅಕ್ಷರದ ಮ್ಯಾಲೆ ಬೆರಳಿಟ್ಟು ಓದ್ರಿ" ಅಂದರು.

ಬಕ್ಕೇಶಪ್ಪನ ಬೆರಳು ಕೊಡದ ಮೇಲೆ ಕೂತಿತು, ಮುಂದಕ್ಕೆ ಹೋಗಲಿಲ್ಲ. ಚಾ ತಟ್ಟೆ ಹಿಡಿದ ಹಜೀರಾಬಿಯ ತುಟಿ ಸದ್ದಿಲ್ಲದೆ ಅಲ್ಲಾಹನನ್ನು ಬೇಡುತ್ತಿತ್ತು. ಹಯಾತ್ ಸಾಬರು ಟೋಪಿ ಸರಿಮಾಡಿಕೊಂಡರು. ಆಗ ಜನರ ನಡುವಿನಿಂದ ಅಕ್ಕನಾಗಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಕೊಡದ ಹತ್ತಿರ ಮುಖ ಒಯ್ದು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ಸಾಕು ರೀ, ಇನ್ನೇನೂ ಹೇಳಬ್ಯಾಡ್ರಿ. ಇಪ್ಪತ್ತೆರಡು ವರ್ಷ ನಿಮ್ಮ ಈ ಹೊಟ್ಟೆ ಉಬ್ಬಿದ 'ಮ' ತೊಳೆದಿದೀನಿ, ತಟ್ಟೆ ಮ್ಯಾಲೆ, ತಂಬಿಗೆ ಮ್ಯಾಲೆ. ತಲೆಕೆಳಗೆ ಇದ್ರೆ ನನಗೆ ಗುರುತು ಸಿಗಲ್ವಾ? ಇದು ನಿಮ್ಮ ಕೈ. ನೀವು ಹೊಡೆದಿದ್ದನ್ನ ನೀವೇ ಓದ್ರಿ. ದುಡಿದು ತಿನ್ನೋ ಕಸುಬು ಹೇಳಾಕೆ ನಾಚಿಕೆ ಏನು?"

ನಾಗಭೂಷಣ್, "ಹಂಗಾದ್ರೆ ಬೋರ್ಡು?" ಅಂದರು.

"ಸಾರ್, ನಾನು ಪಾತ್ರೆಗೆ ಹೆಸರು ಹಾಕೋನು" ಅಂದ ಬಕ್ಕೇಶಪ್ಪ. ಹೇಳಿದ ಮೇಲೆ ಎದೆ ಎಷ್ಟು ಹಗುರಾಯಿತು ಅಂದರೆ ತುಂಬುತೋಳನ್ನು ಮೊಣಕೈಯವರೆಗೆ ಮಡಚಿಕೊಂಡ. ಆಮೇಲೆ ಕೊಡಕ್ಕೆ ಬೆನ್ನು ತಿರುಗಿಸಿದ, ಕಾಲು ಅಗಲಿಸಿದ, ಪೂರ್ತಿ ಬಗ್ಗಿ, ಎರಡು ಕಾಲಿನ ಸಂದಿಯಿಂದ ಕೊಡವನ್ನು ನೋಡಿದ. ತಲೆಕೆಳಗಾದ ಅಕ್ಷರ ನೆಟ್ಟಗೆ ಕಂಡಿತು. ಬರಹ ಸುತ್ತು ಹೊಡೆದಂತೆಲ್ಲ ತಾನೂ ಹಾಗೇ ಬಗ್ಗಿಕೊಂಡು ಏಡಿಯ ಹಾಗೆ ಕೊಡದ ಸುತ್ತ ನಡೆಯುತ್ತ ಓದಿದ. ಸಾಹೇಬರು ಟಾರ್ಚು ಹಿಡಿದು ಹಿಂದೆ ಹಿಂದೆ ಸುತ್ತಿದರು.

"'ಚಿ. ಸೌ. ಸುಂಕಲಮ್ಮನ ಮದುವೆಗೆ ಸೋದರಮಾವನ ಉಡುಗೊರೆ... ಅಷ್ಟೇ ಹಾಕಪ್ಪ... ಜಾಗ ಉಳಿದೈತಾ... ಉಳಿದ್ರೆ ಹುಡುಗಿ ಬಲೇ ಜಾಣೆ ಅಂತ ಹಾಕು... ಅವರವ್ವ ಹೋದಮ್ಯಾಲೆ ನಾನೇ ಸಾಕಿದ್ದು... ನಾಳೆಯಿಂದ ಮನೆ ಬಿಕೋ ಅಂತೈತೆ... ಬ್ಯಾಡ ಬ್ಯಾಡ ಅದನ್ನ ಹಾಕಬ್ಯಾಡ... ಬೇಗ ಮಾಡಪ್ಪ ಬಸ್ಸು ಹೋಗ್ತೈತೆ... ನನ್ನ ಛತ್ರಿ ಎಲ್ಲಿಟ್ಟೆ...'"

ಅಲ್ಲಿಗೆ ಕೊಡದ ಬುಡ ಬಂದು ಬರಹ ಮುಗಿದಿತ್ತು.

ಮೊದಲು ನಕ್ಕಿದ್ದು ಡಾಕ್ಟರು. ಆಮೇಲೆ ವಕೀಲರು. ಆಮೇಲೆ ಗವಿಯೇ ನಕ್ಕಂತಾಯಿತು. ಹಯಾತ್ ಸಾಬರು ಮಾತ್ರ ಬಂಡೆಗೆ ಒರಗಿ ಕೂತುಬಿಟ್ಟರು. ನಾಳೆ ಬರುವ ಸಿಮೆಂಟಿನ ಲಾರಿ ಅವರ ಕಣ್ಣಿಗೆ ಆಗಲೇ ಕಾಣುತ್ತಿತ್ತು.

"ನಗಬ್ಯಾಡ್ರಿ!"

ಗವಿಯ ಬಾಯಿಂದ ಬಂದ ಕೂಗು. ಮೊಸರಿನ ಸುಂಕಲಮ್ಮ ಎದ್ದು ನಿಂತಿದ್ದಳು. ಜನ ದಾರಿ ಬಿಟ್ಟರು. ಅವಳು ಬಂದು ಕೊಡದ ಮೇಲೆ ಅಂಗೈ ಇಟ್ಟಳು.

"ಇದು ನಮ್ಮಾವ. ಹಿಂಗೇ ಮಾತಾಡ್ತಿದ್ದ. ಒಂದು ಹೇಳಾದು, ಆಮ್ಯಾಲೆ ಬ್ಯಾಡ ಅನ್ನಾದು. ಛತ್ರಿ ಬಸ್ಸಿನಾಗೆ ಬಿಟ್ಟು ಬಂದು ಮದುವೆ ಮನೆಯಾಗೆ ಎಲ್ಲರ ಮ್ಯಾಲೆ ಕೂಗಾಡಿದ್ದ." ಅವಳು ಸೆರಗಿನ ತುದಿಯಿಂದ ಕೊಡ ಒರೆಸಿದಳು. "ಓದಾಕೆ ಬರದೋಳು ನಾನು. ಸ್ಟೀಲಿನ ಡಬ್ಬಿ ಆಸೆಗೆ ಕೊಟ್ಟುಬಿಟ್ಟೆ. ದಿನಾ ಇಲ್ಲೇ ಕೂತು ಚಾ ಕುಡಿದು ಹೋಗ್ತೀನಿ, ನನ್ನ ಕೊಡನ ನಾನೇ ಗುರುತು ಹಿಡೀಲಿಲ್ಲ ನೋಡ್ರಿ. ಸಾಯಾ ತನಕ ಒಂದಿನಾನೂ ನನ್ನ ಜಾಣೆ ಅನ್ನಲಿಲ್ಲ ಅವನು. ಇನ್ನೊಂದು ಸಲ ಓದಪ್ಪ."

ಬಕ್ಕೇಶಪ್ಪ ಮತ್ತೆ ಬಗ್ಗಿದ. ಎರಡನೇ ಸಲ ಓದುವಾಗ ಯಾರೂ ನಗಲಿಲ್ಲ. ಮೂರನೇ ಸಲ ಕೇಳಿದಳು, ಓದಿದ. ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು, ಬೇಡ ಅನ್ನಲಿಲ್ಲ.

ಹಯಾತ್ ಸಾಬರು ಎದ್ದು ಸಿಮೆಂಟು ಒಡೆಯಲು ಸುತ್ತಿಗೆ ಹುಡುಕತೊಡಗಿದರು. "ನಿಮ್ಮ ಮಾವನ ಮಾತು ಬೆಹೆನ್, ನೀವು ಒಯ್ಯಬೇಕು. ನಮ್ಮ ಗವಿದು ಅಲ್ಲಾ ನೋಡ್ತಾನೆ."

"ಬ್ಯಾಡ ಸಾಬಣ್ಣ. ಮನೆಗೆ ಒಯ್ದರೆ ಯಾರು ಓದಿ ಹೇಳ್ತಾರೆ? ಇಲ್ಲೇ ಇರ್ಲಿ. ದಿನಾ ಬರ್ತೀನಲ್ಲ" ಅಂದಳು ಸುಂಕಲಮ್ಮ.

ಸಾಹೇಬರು ಇಷ್ಟು ಹೊತ್ತೂ ಕರ್ಚೀಫಿನಿಂದ ಕನ್ನಡಕ ಒರೆಸುತ್ತಲೇ ಇದ್ದರು. ಕೊನೆಗೆ ಕೇಳಿದರು.

"ಬಕ್ಕೇಶಪ್ಪನವ್ರೇ, ಈ ತರ ಎಷ್ಟು ಹೊಡೆದಿರಬೋದು ನೀವು?"

"ಗೊತ್ತಾಗೋ ತನಕ ಒಂದು ತಿಂಗಳು ಹೊಡೆದೆ ಸಾರ್. ಎರಡು ನೂರರ ಹತ್ರ ಇರ್ಬೋದು. ತಪ್ಪಾಯ್ತು."

"ಯಾವ ತಿಂಗಳು?"

"ಅರವತ್ತೊಂಬತ್ತನೇ ಇಸವಿ ವೈಶಾಖ."

"ನಮ್ಮಕ್ಕನ ಮದುವೆ ಆಗಿದ್ದು ಅದೇ ವೈಶಾಖದಾಗೆ" ಅಂದರು ಸಾಹೇಬರು. ಅವರ ದನಿ ಆಫೀಸಿನ ದನಿ ಆಗಿರಲಿಲ್ಲ. "ನಮ್ಮವ್ವ ಮಂಡಿಪೇಟೆಗೆ ಹೋಗಿ ಹಿತ್ತಾಳೆ ಕೊಡ ತಂದಿದ್ಲು, ಹೆಸರು ಹಾಕಿಸ್ಕೊಂಡು. ಆಮ್ಯಾಲೆ ಅಕ್ಕನೂ ಅದನ್ನ ಸ್ಟೀಲಿಗೆ ಕೊಟ್ಟಳಂತೆ. ಅವ್ವ ಹೋಗಿ ಹನ್ನೊಂದು ವರ್ಷ ಆಯ್ತು."

"ನಿಮ್ಮವ್ವ ಹೆಂಗಿದ್ರು ಸಾರ್? ಮಾತು ಕಮ್ಮಿನಾ, ಜಾಸ್ತಿನಾ?"

"ಬಾಯಿ ಮುಚ್ಚಿದ್ದನ್ನ ನಾನು ನೋಡೇ ಇಲ್ಲ."

ಬಕ್ಕೇಶಪ್ಪ ಕಸುಬಿನವನ ಗಾಂಭೀರ್ಯದಿಂದ ತಲೆದೂಗಿದ. "ಹಂಗಾದ್ರೆ ಬುಡದ ಒಳಗೂ ಹೊಡೆದಿರ್ತೀನಿ ಸಾರ್."

ಸಾಹೇಬರು ತಿರುಗಿ ಗವಿಯ ಕೊನೆಯಲ್ಲಿದ್ದ ಪಾತ್ರೆಗಳ ರಾಶಿಯನ್ನು ನೋಡಿದರು. ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದರು. ಬೂಟು ಕಳಚಿಟ್ಟರು. ರಾಶಿಯ ಮೇಲಿನ ಮೊದಲನೇ ಕೊಡ ತೆಗೆದು, ಕರ್ಚೀಫಿನಿಂದ ಮಸಿ ಒರೆಸಿ, ಬೆನ್ನು ತಿರುಗಿಸಿ, ಕಾಲು ಅಗಲಿಸಿ, ಬಗ್ಗಿದರು.

"ಅದಕ್ಕೆ ಬಗ್ಗಬೇಕಾಗಿಲ್ಲ ಸಾರ್, ತಿರುಗಿಸಿ ಹಿಡೀಬೋದು, ಸಿಮೆಂಟಿಲ್ಲ" ಅಂದ ಬಕ್ಕೇಶಪ್ಪ.

ಆಮೇಲೆ ಆದದ್ದನ್ನು ನೋಡಬೇಕಿತ್ತು. ಬಿ ಬ್ಲಾಕು, ಕೊಕ್ಕನೂರು, ಹರಿಹರ ಎಲ್ಲ ಸೇರಿ ರಾಶಿಗೆ ಕೈ ಹಾಕಿತು. ಗವಿಯ ತುಂಬ ಟಾರ್ಚು, ಗವಿಯ ತುಂಬ ಹೆಸರು. ಸತ್ತವರು, ಇದ್ದವರು, ಎಂದೋ ಮದುವೆಯಾಗಿ ಹೋದವರು, ಎಲ್ಲರನ್ನೂ ಯಾರ್ಯಾರೋ ಗಟ್ಟಿಯಾಗಿ ಕೂಗಿ ಓದುತ್ತಿದ್ದರು. "ಫಕ್ರುನ್ನೀಸಾ ಅಂತ ಐತೆ, ಯಾರ ಮನೇದು?" "ಏ ತಡಿ, ಅದು ನಮ್ಮ ಓಣಿಯಾಕೆ!" ಹಜೀರಾಬೀ ಎಷ್ಟು ಸಲ ಚಾ ಕಾಸಿದರೋ ಅವರಿಗೇ ಗೊತ್ತಿಲ್ಲ. ನಾಗಭೂಷಣರ ಬಿಳಿ ಬೂಟು ಪೂರ್ತಿ ಕಪ್ಪಾಯಿತು; ಅವರು ಅಜ್ಜಿಯ ಹಂಡೆ ಹುಡುಕುವುದರಲ್ಲಿ ಅದನ್ನು ಗಮನಿಸಲಿಲ್ಲ. ಹನ್ನೆರಡು ಗಂಟೆಯ ಮೀಟಿಂಗು ಏನಾಯಿತೋ ದೇವರೇ ಬಲ್ಲ. ಡ್ರೈವರು ಎರಡು ಸಲ ಬಂದು ಕೆಮ್ಮಿದ, ಮೂರನೇ ಸಲ ಅವನೂ ಒಂದು ತಪ್ಪಲೆ ಹಿಡಿದು ಕೂತ.

ಸಂಜೆ ಐದಕ್ಕೆ ನೂರಾ ಹತ್ತು ಪಾತ್ರೆ ನೋಡಿಯಾಗಿತ್ತು. ಸಾಹೇಬರ ಅವ್ವ ಸಿಕ್ಕಿರಲಿಲ್ಲ. ರಾಶಿ ಹಾಗೇ ಇತ್ತು. ಸಾಹೇಬರು ಮಸಿ ಮೆತ್ತಿದ ಕೈಯಲ್ಲೇ ಕ್ಷೌರದ ಕುರ್ಚಿಯ ಮೇಲೆ ಕೂತು, ಫೈಲು ತೆಗೆದು, ಬರೆದು, ಎಲ್ಲರಿಗೂ ಕೇಳುವಂತೆ ಓದಿದರು.

"'ಸ್ಥಳ ಪರಿಶೀಲಿಸಲಾಗಿದೆ. ಗವಿಯಲ್ಲಿರುವ ಪಾತ್ರೆಗಳನ್ನು ಒಂದೊಂದಾಗಿ ಓದಿ ಮುಗಿಸುವವರೆಗೆ ಇಲ್ಲಿಂದ ಒಂದು ಚಮಚವನ್ನೂ ಕದಲಿಸಕೂಡದು. ಸಿಮೆಂಟು, ಟಾರಿಗೆ ಬೇರೆ ಶೆಡ್ಡು ಹಾಕತಕ್ಕದ್ದು. ಪ್ರತಿ ಭಾನುವಾರ ಪಾತ್ರೆ ಓದುವವರು, ಮಂಡಿಪೇಟೆಯ ಹೆಸರು ಹಾಕುವ ಬಕ್ಕೇಶಪ್ಪನವರು.'"

ಅಕ್ಕನಾಗಮ್ಮ ಸೆರಗಿನ ಮರೆಯಲ್ಲಿ ಕಣ್ಣೊರೆಸಿಕೊಂಡಳು. ಹಯಾತ್ ಸಾಬರು ಕುರ್ಚಿಯ ಹತ್ತಿರ ಬಂದು ಕೈ ಕಟ್ಟಿ ನಿಂತರು.

"ಸಾಬ್, ಇದೆಲ್ಲ ಓದಿ ಮುಗಿಯಾಕೆ ಎಷ್ಟು ದಿನ ಆಗ್ತೈತೆ?"

"ಹೊಸದಾಗಿ ಪಾತ್ರೆ ಬರದಿದ್ರೆ ಆರೇಳು ತಿಂಗಳು."

"ಬಂದ್ರೆ?"

ಕರಿಬಸವರಾಜ ಸಾಹೇಬರು ಪೆನ್ನಿನ ಮುಚ್ಚಳ ಹಾಕಿ, ಕನ್ನಡಕದ ಮೇಲಿಂದ ಸಾಬರನ್ನು ನೋಡಿದರು. "ಬಂದಿದ್ದನ್ನೂ ಓದಬೇಕಾಗ್ತದೆ. ಕಾನೂನು ಅಂದ್ರೆ ಕಾನೂನು."

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಹಯಾತ್ ಸಾಬರು ಹಳೇ ಪಾತ್ರೆ ಕೊಳ್ಳಲು ಹರಿಹರಕ್ಕೆ ಹೊರಟಾಗಿತ್ತು. ಒಂದಲ್ಲ, ಎರಡು ಗಾಡಿ ಹೂಡಿಸಿಕೊಂಡು ಹೋದರಂತೆ.